ಕೊಣ್ಣೂರಿನಲ್ಲಿ ಕೂತು ಬೆಂಗಳೂರಿನ ತಂಡವನ್ನು ಹಚ್ಚಿಕೊಂಡವರು

ಪ್ರಶ್ನೆ: ನಮ್ಮನಿಯವರು ಆರ್‌ಸಿಬಿ ಶುರು ಆದ ವರ್ಷದಿಂದ ಅದರ ಬೆನ್ನ ಹತ್ಯಾರ. ಈಗ ಮಗಾನೂ ಹಂಗ. 2025ರಾಗ ಕಪ್ ಬಂತು, ಇನ್ನ ಇವರ ಹುಚ್ಚ ಇಳೀತೈತಿ ಅಂತ ತಿಳಕೊಂಡಿದ್ದೆ. ಇಳೀಲಿಲ್ಲ. ಅಮೆರಿಕಾದಾಗ ಬೇಸ್‌ಬಾಲ್ ಟೀಮಿನ ಸಲುವಾಗಿ ಜೀವಾ ತೇಯೋ ಮಂದಿ ಅದಾರಂತ ಓದೇನಿ. ನಮ್ಮ ಕೊಣ್ಣೂರಿಗೂ ಆ ಬೆಂಗಳೂರಿನ ಟೀಮಿಗೂ ಏನ ಸಂಬಂಧ? ಈ ಕಡೆಯವರು ಒಬ್ಬರೂ ಅದರಾಗ ಆಡೂದಿಲ್ಲ. ಒಂದ ಟೀಮನ್ನ ಇಷ್ಟ ಹಚಗೊಂಡ್ರ ಮನಷ್ಯಾನ ಬಾಳೇಕ ಏನ ಆಕ್ಕೈತಿ? ಮಗ ಬೆಂಗಳೂರಿಗೆ ಹೋಗಿ ಮ್ಯಾಚ್ ನೋಡತೇನಿ ಅಂತ ಹಟಾ ಹಿಡದಾನ. ಕಳಸಲೋ ಬ್ಯಾಡೋ, ಅದನ್ನೂ ಹೇಳ್ರಿ.
ಓದುಗರೊಬ್ಬರು, ಕೊಣ್ಣೂರ, ಗೋಕಾಕ ತಾಲ್ಲೂಕು

ಉತ್ತರ: ಅಕ್ಕಾರ, ಸಂಬಂಧ ಏನು ಎಂಬ ನಿಮ್ಮ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ನಕ್ಷೆ ನೋಡಿದರೆ ನಿಮ್ಮ ಅನುಮಾನ ಸರಿ. ಕೊಣ್ಣೂರಿಗೆ ಕೊಲ್ಹಾಪುರ ಹತ್ತಿರ, ಮಿರಜ ಹತ್ತಿರ. ಬೆಂಗಳೂರು ಮುಟ್ಟಬೇಕೆಂದರೆ ಘಟಪ್ರಭಾ ಸ್ಟೇಶನ್ನಿನಲ್ಲಿ ರಾಣಿ ಚೆನ್ನಮ್ಮ ಗಾಡಿ ಹತ್ತಿ ರಾತ್ರಿಯೆಲ್ಲ ಹೋಗಬೇಕು. ಆದರೆ ಪಕ್ಷ ಹಿಡಿಯುವಾಗ ನಮ್ಮ ಸೀಮೆಯ ಜನ ಹತ್ತಿರ ದೂರ ಅಳೆದವರಲ್ಲ. ಗೀಗೀ ಪದದ ಹರದೇಶಿ-ನಾಗೇಶಿ ಸವಾಲ್-ಜವಾಬು ನಡೆಯುವ ರಾತ್ರಿಯನ್ನೇ ನೆನೆಸಿಕೊಳ್ಳಿ. ಒಂದು ಮೇಳ ಗಂಡು ಹೆಚ್ಚೆಂದು ಹಾಡುತ್ತದೆ, ಇನ್ನೊಂದು ಹೆಣ್ಣು ಹೆಚ್ಚೆಂದು ಹಾಡುತ್ತದೆ. ಕೇಳಲು ಕೂತವರಿಗೆ ಅದರಿಂದ ಒಂದು ಸೇರು ಜೋಳವೂ ಸಿಗುವುದಿಲ್ಲ. ಆದರೂ ನಸುಕಿನ ಹೊತ್ತಿಗೆ ಇಡೀ ಊರು ಎರಡು ಪಾಲಾಗಿರುತ್ತದೆ. ತನ್ನ ಕಡೆಯವರು ಜವಾಬು ಕೊಡಲಾರದೆ ತಡವರಿಸಿದರೆ ಕೇಳುವವನ ಎದೆ ಹಾರುತ್ತದೆ. ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣನಿಂದ ಬೆಳೆದ ಶ್ರೀಕೃಷ್ಣ ಪಾರಿಜಾತದ ಆಟಕ್ಕೂ, ಅದರಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಗೂ ಊರೂರಿನಲ್ಲಿ ಹೀಗೆ ಪಕ್ಷ ಹಿಡಿಯುವ ಮಂದಿ ಇದ್ದರು. ಗರಡಿಯ ಪೈಲವಾನನ ಹಿಂದೆ ಎತ್ತಿನ ಬಂಡಿ ಕಟ್ಟಿಕೊಂಡು ಜಾತ್ರೆಯ ಕುಸ್ತಿಗೆ ಹೋಗುತ್ತಿದ್ದವರೂ ಅವರೇ. ನಿಮ್ಮ ಯಜಮಾನರು ಟಿವಿ ಮುಂದೆ ಕೂತು ಮಾಡುತ್ತಿರುವುದು ಈ ನೆಲಕ್ಕೆ ಹೊಸದೇನಲ್ಲ.

ಬೆಂಗಳೂರಿನ ತಂಡ ಬೆಳಗಾವಿ ಜಿಲ್ಲೆಯವರದೂ ಆದದ್ದಕ್ಕೆ ಇನ್ನೊಂದು ಹಿನ್ನೆಲೆಯಿದೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಅದೇ ಹಂಗಾಮಿನಲ್ಲಿ ನಮ್ಮ ರಣಜಿ ತಂಡ ಎರ್ರಪಳ್ಳಿ ಪ್ರಸನ್ನರ ನಾಯಕತ್ವದಲ್ಲಿ ಸೆಮಿಫೈನಲ್ಲಿನಲ್ಲಿ ಮುಂಬೈಯನ್ನು ತಡೆಯಿತು. ಅದು ಸತತ ಹದಿನೈದು ವರ್ಷ ರಣಜಿ ಗೆದ್ದುಕೊಂಡು ಬಂದಿದ್ದ ಮುಂಬೈ. ಫೈನಲ್ಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ ನಮ್ಮವರು ಮೊದಲ ಸಲ ಟ್ರೋಫಿ ಹಿಡಿದರು. ಮುಂಬೈ ಪ್ರಾಂತ್ಯದಿಂದ 1956ರಲ್ಲಿ ಈ ಕಡೆಗೆ ಸೇರಿದ ಗಡಿಜಿಲ್ಲೆಯ ಕನ್ನಡಿಗರು ರೇಡಿಯೋದಲ್ಲಿ ಆ ಸುದ್ದಿ ಕೇಳಿದಾಗ ಅವರಿಗೆ ಏನನ್ನಿಸಿರಬೇಕು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ತಮ್ಮ ನಾಡು ಹೊಸ ಹೆಸರು ಹೊತ್ತ ಹಂಗಾಮಿನಲ್ಲೇ ಮುಂಬೈಯನ್ನು ಮಣಿಸಿತ್ತು! ಇವತ್ತಿಗೂ ಬೆಳಗಾವಿ ಕಡೆಯ ಹುಡುಗ ಕೆಂಪು ಜರ್ಸಿ ತೊಟ್ಟು ನಿಲ್ಲುವುದರಲ್ಲಿ ಆಟದ ಮೇಲಿನ ಪ್ರೀತಿಯ ಜೊತೆಗೆ ತಾನು ಎಲ್ಲಿಯವನೆಂದು ಹೇಳಿಕೊಳ್ಳುವ ಆಸೆಯೂ ಇದೆ. ಬೆಂಗಳೂರಿನ ಹುಡುಗನಿಗೆ ಇದನ್ನು ಹೇಳಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಗಡಿಯವನಿಗೆ ಬೀಳುತ್ತದೆ.

ಈ ಕಡೆಯವರು ಒಬ್ಬರೂ ಇಲ್ಲ ಎಂದಿದ್ದೀರಿ. ಮೊದಮೊದಲು ಹಾಗಿರಲಿಲ್ಲ. 2008ರಲ್ಲಿ ತಂಡದ ನಾಯಕ ರಾಹುಲ್ ದ್ರಾವಿಡ್. ಅನಿಲ್ ಕುಂಬ್ಳೆ ಇದ್ದರು, ದಾವಣಗೆರೆಯ ವಿನಯ್ ಕುಮಾರ್ ಇದ್ದರು, ಗದಗಿನ ಸುನೀಲ ಜೋಶಿ ಇದ್ದರು. ಹುಡುಗನಾಗಿದ್ದಾಗ ನಸುಕಿನಲ್ಲಿ ಗದಗಿನಿಂದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ತಿರುಗಿ ಊರಿಗೆ ಬರುತ್ತಿದ್ದ ಅದೇ ಜೋಶಿ. ನಿಮ್ಮ ಯಜಮಾನರು ಹಚ್ಚಿಕೊಂಡದ್ದು ಅಂಥವರಿದ್ದ ತಂಡವನ್ನು. ಆಮೇಲೆ ಹರಾಜು ಬಂತು, ಆಟಗಾರರು ಬಂದರು ಹೋದರು, ಮಾಲೀಕರೂ ಬದಲಾದರು. 2025ರಲ್ಲಿ ಕಪ್ ಎತ್ತಿದ ನಾಯಕ ರಜತ್ ಪಾಟೀದಾರ್ ಇಂದೋರಿನವರು. ಆ ಫೈನಲ್ ಆಡಿದವರಲ್ಲಿ ನಮ್ಮ ರಾಜ್ಯದವರೆಂದರೆ ಮಯಂಕ್ ಅಗರವಾಲ್. ರಾಯಚೂರಿನ ಮನೋಜ್ ಭಾಂಡಗೆ ಬಳಗದಲ್ಲಿದ್ದರು. ಇಷ್ಟೆಲ್ಲ ಬದಲಾದರೂ ಅಭಿಮಾನಿ ಮಾತ್ರ ಕದಲಲಿಲ್ಲ. ಹದಿನೆಂಟು ವರ್ಷ ಒಂದೇ ಜಾಗದಲ್ಲಿ ನಿಂತವರು ಕೊಹ್ಲಿಯೊಬ್ಬರು, ಇನ್ನೊಬ್ಬರು ನಿಮ್ಮ ಮನೆಯವರಂಥವರು. ಕೊಹ್ಲಿಯ ಮೇಲೆ ಇವರಿಗೆ ಅಷ್ಟು ಮಮತೆ ಏಕೆಂಬುದಕ್ಕೆ ರನ್ನುಗಳ ಲೆಕ್ಕಕ್ಕಿಂತ ಇದೇ ದೊಡ್ಡ ಕಾರಣ ಎಂದು ನನ್ನ ಎಣಿಕೆ. 2016ರಲ್ಲಿ ಆತ ಒಂದೇ ಹಂಗಾಮಿನಲ್ಲಿ 973 ರನ್ ಹೊಡೆದದ್ದು ದೊಡ್ಡದೇ. ಬಿಟ್ಟು ಹೋಗದೆ ಇದ್ದದ್ದು ಅದಕ್ಕಿಂತ ದೊಡ್ಡದು.

ಇನ್ನು ಮಗನ ವಿಷಯ. ತಂಡವನ್ನು ಮನುಷ್ಯ ಯಾವ ವಯಸ್ಸಿನಲ್ಲಿ ಹಚ್ಚಿಕೊಳ್ಳುತ್ತಾನೆ ಎಂಬುದನ್ನು ಅಮೆರಿಕದಲ್ಲಿ ಬೇಸ್‌ಬಾಲ್ ಅಭಿಮಾನಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ. ಸೇತ್ ಸ್ಟೀಫನ್ಸ್-ಡೇವಿಡೊವಿಟ್ಸ್ ಎಂಬ ಅರ್ಥಶಾಸ್ತ್ರಜ್ಞ ಫೇಸ್‌ಬುಕ್ ಅಂಕಿಅಂಶ ಹಿಡಿದು, ಯಾವ ವರ್ಷ ಹುಟ್ಟಿದ ಗಂಡಸರು ಯಾವ ತಂಡಕ್ಕೆ ಒಲಿದಿದ್ದಾರೆಂದು ನೋಡಿದ. ಹುಡುಗನಿಗೆ ಎಂಟರಿಂದ ಹನ್ನೆರಡು ವರ್ಷವಿದ್ದಾಗ ಗೆದ್ದ ತಂಡ ಅವನನ್ನು ಜೀವಮಾನವಿಡೀ ಹಿಡಿದಿಡುತ್ತದೆ ಎಂದು ಕಂಡುಬಂತು. ನ್ಯೂಯಾರ್ಕಿನ ಮೆಟ್ಸ್ ತಂಡ 1969ರಲ್ಲಿ ಮತ್ತು 1986ರಲ್ಲಿ ವಿಶ್ವ ಸರಣಿ ಎಂಬ ಬೇಸ್‌ಬಾಲಿನ ದೊಡ್ಡ ಕಪ್ ಗೆದ್ದಿತ್ತು. ಆಗ ಎಂಟರ ಆಸುಪಾಸಿನಲ್ಲಿದ್ದವರಲ್ಲಿ ಆ ತಂಡದ ಅಭಿಮಾನಿಗಳು ಎದ್ದು ಕಾಣುವಷ್ಟು ಹೆಚ್ಚು. ಇಪ್ಪತ್ತು ದಾಟಿದ ಮೇಲೆ ತಂಡ ಗೆದ್ದರೂ ಅಷ್ಟು ಪರಿಣಾಮ ಆಗುವುದಿಲ್ಲ.

ಆ ಲೆಕ್ಕದಲ್ಲಿ ಆರ್‌ಸಿಬಿಗೆ ಅಭಿಮಾನಿಗಳೇ ಇರಬಾರದಿತ್ತು! 2008ರಲ್ಲಿ ಎಂಟು ವರ್ಷದವನಾಗಿದ್ದ ಹುಡುಗ ಕಪ್ ನೋಡಿದ್ದು ಇಪ್ಪತ್ತೈದರಲ್ಲಿ. ಅವನು ಎರಡನೇ ಇಯತ್ತೆಯೋ ಮೂರನೇ ಇಯತ್ತೆಯೋ ಇದ್ದಾಗ, ಏಪ್ರಿಲ್ 18ರ ಆ ಮೊಟ್ಟಮೊದಲ ಐಪಿಎಲ್ ಪಂದ್ಯದಲ್ಲಿ, ಚಿನ್ನಸ್ವಾಮಿ ಮೈದಾನದಲ್ಲೇ ಕೋಲ್ಕತ್ತದ ಮೆಕಲಮ್ ಒಬ್ಬನೇ 158 ಹೊಡೆದ. ನಮ್ಮವರೆಲ್ಲ ಸೇರಿ 82ಕ್ಕೆ ಮುಗಿಸಿದರು. ಮರುವರ್ಷ ಜೋಹಾನ್ಸ್‌ಬರ್ಗ್ ಫೈನಲ್ಲಿನಲ್ಲಿ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ತೆಗೆದರು. ಪಂದ್ಯ ಶ್ರೇಷ್ಠ ಅವರೇ ಆದರು, ತಂಡ 6 ರನ್ನಿನಿಂದ ಸೋತಿತು. 2011ರ ಫೈನಲ್ಲಿನಲ್ಲಿ ಚೆನ್ನೈಯಲ್ಲಿ 58 ರನ್ನಿನ ಸೋಲು. 2016ರಲ್ಲಿ ನಮ್ಮದೇ ಅಂಗಳದ ಫೈನಲ್. 209 ಬೇಕಿತ್ತು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೇ ನೂರು ದಾಟಿಸಿದರು. ಕೈಗೆ ಬಂದಿತ್ತು. ಸೋತದ್ದು 8 ರನ್ನಿನಿಂದ. ಏಪ್ರಿಲ್ 23 ಎಂಬ ಒಂದೇ ತಾರೀಖು ನೋಡಿ: 2013ರಲ್ಲಿ ಆ ದಿನ ಗೇಲ್ 175 ಹೊಡೆದು ತಂಡ 263 ಮಾಡಿತ್ತು, 2017ರಲ್ಲಿ ಅದೇ ದಿನ ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್. ಮಗುವಿಗೆ ಇಷ್ಟು ಸೋಲು ಬಡಿಸಿದ ತಂಡವನ್ನು ಅದು ಬಿಟ್ಟು ಓಡಬೇಕಿತ್ತು. ಬಿಡಲಿಲ್ಲ. ಏಕೆ?

ಗೆಲುವಿಗಿಂತ ಮೊದಲೇ ಆ ಮಗುವಿಗೆ ಬೇರೊಂದು ಸಿಕ್ಕಿತ್ತು ಎಂಬುದು ನನ್ನ ಉತ್ತರ. ಐಪಿಎಲ್ ಬರುವುದು ನಮ್ಮಲ್ಲಿ ಬಿಸಿಲು ಕಾಯುವ ಹೊತ್ತಿಗೆ. ಕಬ್ಬಿನ ಹಂಗಾಮು ಮುಗಿದಿರುತ್ತದೆ, ಪರೀಕ್ಷೆ ಮುಗಿದು ಸೂಟಿ ಬಿದ್ದಿರುತ್ತದೆ, ಮದುವೆ ಜಾತ್ರೆಗೆಂದು ಮನೆ ತುಂಬ ನೆಂಟರು. ಸಂಜೆ ಪಾಳಿ ಮುಗಿಸಿಯೋ ಹೊಲದಿಂದಲೋ ಬಂದ ಅಪ್ಪ ಕೈಕಾಲು ತೊಳೆದು ಟಿವಿ ಮುಂದೆ ಕೂರುತ್ತಾನೆ. ಮಗನನ್ನೂ ಪಕ್ಕಕ್ಕೆ ಕೂರಿಸಿಕೊಳ್ಳುತ್ತಾನೆ. ಬೇರೆ ದಿನಗಳಲ್ಲಿ ಅಭ್ಯಾಸ ಮಾಡಿದೆಯೇನೋ, ಎಲ್ಲಿಗೆ ಹೋಗಿದ್ದೆಯೋ ಎಂದು ಕೇಳುವುದು ಬಿಟ್ಟರೆ ಗಂಡುಮಗನ ಜೊತೆ ಹೆಚ್ಚು ಮಾತಾಡದ ತಂದೆ ಈ ಮೂರು ತಾಸು ಅವನೊಡನೆ ಸರಿಸಮನಾಗಿ ವಾದ ಮಾಡುತ್ತಾನೆ, ಅವನ ಅಭಿಪ್ರಾಯ ಕೇಳುತ್ತಾನೆ. ಹುಡುಗನಿಗೆ ಅದು ಸಣ್ಣ ಸಂಗತಿಯಲ್ಲ. ಮನೆದೇವರು ಹೇಗೆ ಆರಿಸಿಕೊಳ್ಳದೆಯೇ ತಂದೆಯಿಂದ ಮಗನಿಗೆ ಬರುತ್ತದೋ ಹಾಗೆ ಈ ತಂಡವೂ ಬಂತು. ಸೋತ ರಾತ್ರಿ ಇಬ್ಬರೂ ಒಟ್ಟಿಗೆ ಉಣ್ಣದೆ ಮಲಗಿದ್ದೂ ಅವನ ನೆನಪಿನಲ್ಲಿ ಕೂತಿರುತ್ತದೆ, ಅದೂ ಅವನಿಗೆ ಪ್ರಿಯವಾಗಿರುತ್ತದೆ.

ಗೆಲ್ಲುವವರ ಬೆನ್ನು ಹತ್ತುವುದು ಮನುಷ್ಯ ಸಹಜ. ರಾಬರ್ಟ್ ಚಾಲ್ದೀನಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಪ್ರಸಿದ್ಧವಾಗಿದೆ. ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ, ವಾರಾಂತ್ಯದಲ್ಲಿ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದಿದ್ದರೆ ಸೋಮವಾರ ಕಾಲೇಜಿನ ಹೆಸರಿರುವ ಅಂಗಿ ತೊಟ್ಟು ಬರುವ ವಿದ್ಯಾರ್ಥಿಗಳು ಹೆಚ್ಚು, ಸೋತಿದ್ದರೆ ಕಡಿಮೆ. ನಮ್ಮ ಹುಡುಗರು ಈ ನಿಯಮ ಮುರಿದರು. 49ಕ್ಕೆ ಆಲೌಟಾದ ವರ್ಷವೂ ಗೋಕಾಕಿನ ಪೇಟೆಯಲ್ಲಿ, ಬೆಳಗಾವಿಯ ಕಾಲೇಜುಗಳಲ್ಲಿ ಕೆಂಪು ಅಂಗಿಗಳಿದ್ದವು. ಪ್ರತಿ ಮಾರ್ಚಿನಲ್ಲಿ ‘ಈ ಸಲ ಕಪ್ ನಮ್ದೇ’ ಎಂದರು, ಮೇ ತಿಂಗಳಲ್ಲಿ ಮಂದಿ ಆಡಿಕೊಂಡು ನಕ್ಕರು, ಮರುವರ್ಷ ಅದೇ ಮಾತನ್ನು ಅಷ್ಟೇ ಜೋರಾಗಿ ಕೂಗಿದರು. ಅದನ್ನು ದಡ್ಡತನ ಎಂದವರ ಮಾತನ್ನು ನಾನು ಒಪ್ಪುವುದಿಲ್ಲ. ಮಳೆ ಕೈಕೊಟ್ಟ ಮರುವರ್ಷವೂ ಅಷ್ಟೇ ನಂಬಿಕೆಯಿಂದ ಕೂರಿಗೆ ಹೂಡುವ ನಾಡಿನಲ್ಲಿ ಹುಟ್ಟಿದ ಮಾತದು.

ನೀವು ಓದಿದ ಬೇಸ್‌ಬಾಲ್ ಮಂದಿ ಈ ಕುಲದವರೇ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಡಾಡ್ಜರ್ಸ್ ತಂಡ 1941ರಿಂದ 1953ರ ನಡುವೆ ಐದು ಸಲ ವಿಶ್ವ ಸರಣಿಗೆ ಹೋಗಿ ಐದು ಸಲವೂ ಯಾಂಕೀಸ್ ತಂಡಕ್ಕೇ ಸೋತಿತ್ತು. ಮುಂದಿನ ವರ್ಷ ನೋಡೋಣ ಎಂಬುದು ಅಲ್ಲಿಯವರ ಬಾಯಿಪಾಠವಾಗಿತ್ತು. 1955ರಲ್ಲಿ ಗೆದ್ದರು. 1957ರ ಹಂಗಾಮು ಮುಗಿದೊಡನೆ ಮಾಲೀಕ ತಂಡವನ್ನೇ ಎತ್ತಿಕೊಂಡು ಲಾಸ್ ಏಂಜಲೀಸಿಗೆ ಹೋದ. ತಂಡ ಊರಿನದೆಂದು ನಂಬಿದವರ ಎದೆ ಒಡೆದ ಕಥೆ ಅದು. ಬಾಸ್ಟನ್ ರೆಡ್ ಸಾಕ್ಸ್ 1918ರ ನಂತರ ಮತ್ತೆ ಗೆದ್ದದ್ದು 2004ರಲ್ಲಿ. ಶಿಕಾಗೋ ಕಬ್ಸ್ ತಂಡದ ಅಭಿಮಾನಿಗಳಂತೂ 1908ರಿಂದ 2016ರವರೆಗೆ, 108 ವರ್ಷ ಕಾದರು. ಕಾದು ಕಾದು ಮೂರು ತಲೆಮಾರು ಕಣ್ಣು ಮುಚ್ಚಿತ್ತು. ಕಪ್ ಬಂದಾಗ ಶಿಕಾಗೋದ ಜನ ರಿಗ್ಲಿ ಫೀಲ್ಡ್ ಮೈದಾನದ ಇಟ್ಟಿಗೆ ಗೋಡೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಹೆಸರು ಬರೆದರು. ಬಹಳಷ್ಟು ಹೆಸರು ತೀರಿಹೋದವರವು: ಅಪ್ಪ, ಅಜ್ಜ, ಅಜ್ಜಿ, ಅಣ್ಣ. ಕೈ ಎಟುಕುವಷ್ಟು ಎತ್ತರಕ್ಕೂ ಗೋಡೆ ತುಂಬಿಹೋಯಿತು. ಇನ್ನು ಕೆಲವರು ಸಮಾಧಿಗಳ ಮೇಲೆ ತಂಡದ ಬಾವುಟ ಇಟ್ಟು ಬಂದರು.

ಆ ಗೋಡೆ ನಿಮ್ಮ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ನಿಚ್ಚಳ ಉತ್ತರ. ಗೆದ್ದಾಗ ಅವರು ಬರೀ ಆಟಗಾರರ ಹೆಸರು ಬರೆಯಲಿಲ್ಲ. ಯಾರ ಪಕ್ಕದಲ್ಲಿ ಕೂತು ಆಟ ನೋಡಿದ್ದರೋ ಅವರ ಹೆಸರು ಬರೆದರು. ತಂಡವೆಂಬುದು ಮನುಷ್ಯನ ಬಾಳಿಗೆ ಏನು ಕೊಡುತ್ತದೆ ಎಂದರೆ ಜೊತೆ ಕೊಡುತ್ತದೆ. ಡೇನಿಯಲ್ ವಾನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಅಭಿಮಾನಿಗಳ ಮನಸ್ಸನ್ನೇ ದಶಕಗಳ ಕಾಲ ಅಭ್ಯಾಸ ಮಾಡಿದ್ದಾನೆ. ತಮ್ಮ ಊರು-ಸೀಮೆಯ ತಂಡವನ್ನು ಗಟ್ಟಿಯಾಗಿ ಹಚ್ಚಿಕೊಂಡವರಲ್ಲಿ ಒಂಟಿತನ ಕಡಿಮೆ, ತಮ್ಮ ಬಗ್ಗೆ ತಮಗೆ ಗೌರವ ಹೆಚ್ಚು ಎಂದು ಅವನ ಅಧ್ಯಯನಗಳು ತೋರಿಸುತ್ತ ಬಂದಿವೆ. ತಂಡ ಗೆಲ್ಲುತ್ತದೋ ಸೋಲುತ್ತದೋ ಎಂಬುದಕ್ಕಿಂತ ಸುತ್ತಲಿನವರೊಡನೆ ಬೆಳೆಯುವ ನಂಟು ಅದಕ್ಕೆ ಕಾರಣ ಎಂದು ಅವನ ವಾದ.

ಕಪ್ ಬಂದ ಮೇಲೂ ನಿಮ್ಮ ಮನೆಯ ಹುಚ್ಚು ಇಳಿಯದೆ ಇರುವುದಕ್ಕೆ ಕಾರಣ ಇಲ್ಲಿದೆ. 2025ರ ಜೂನ್ 3, ಅಹಮದಾಬಾದ್. 190 ಮಾಡಿ ಪಂಜಾಬನ್ನು 184ಕ್ಕೆ ನಿಲ್ಲಿಸಿ 6 ರನ್ನಿನಿಂದ ಗೆದ್ದರು. 2009ರಲ್ಲಿ ಸೋತದ್ದೂ ಅಷ್ಟೇ ರನ್ನಿನಿಂದ. ಕೊನೆಯ ಓವರ್ ಇನ್ನೂ ಮುಗಿದಿರಲಿಲ್ಲ, ಕೊಹ್ಲಿಯ ಕಣ್ಣು ತುಂಬಿತ್ತು. ಆ ಹೊತ್ತಿಗೆ ರಾಜ್ಯದ ಊರೂರುಗಳಲ್ಲಿ ಜನ ಬೀದಿಗೆ ಇಳಿದು ಪಟಾಕಿ ಹಚ್ಚುತ್ತಿದ್ದರು. ಇವರು ಬರೀ ಕಪ್ಪಿಗಾಗಿ ಕಾದಿದ್ದರೆ ಅವತ್ತೇ ಎದ್ದು ಹೋಗುತ್ತಿದ್ದರು. ಹದಿನೆಂಟು ಬೇಸಿಗೆಗಳಲ್ಲಿ ಅವರ ಬದುಕು ಆ ತಂಡದ ಜೊತೆ ಹೆಣೆದುಕೊಂಡಿದೆ. ನಿಮ್ಮ ಯಜಮಾನರನ್ನು ಕೇಳಿ ನೋಡಿ: ಮನೆ ಕಟ್ಟಿಸಿದ್ದು ಯಾವ ವರ್ಷ, ತಂಗಿಯ ಮದುವೆ ಯಾವಾಗ, ಮಗ ನಡೆಯಲು ಕಲಿತದ್ದು ಯಾವಾಗ ಎಂದು. ಇಸವಿಗಿಂತ ಮೊದಲು ಗೇಲ್ ಹೊಡೆದ ವರ್ಷ, ಹೈದರಾಬಾದಿಗೆ ಸೋತ ವರ್ಷ, ಮೊದಲ ಎಂಟರಲ್ಲಿ ಏಳು ಸೋತು ಆಮೇಲೆ ಸಾಲಾಗಿ ಆರು ಗೆದ್ದು ಪ್ಲೇಆಫಿಗೆ ಹೋದ ವರ್ಷ ಎಂದು ಬಾಯಿಗೆ ಬಂದರೂ ಅಚ್ಚರಿಯಿಲ್ಲ.

ಊರು ಬಿಟ್ಟವರಿಗೆ ಇದು ಇನ್ನೂ ದೊಡ್ಡದು. ನಮ್ಮ ಕಡೆಯ ಎಷ್ಟೋ ಹುಡುಗರು ಪುಣೆಯಲ್ಲಿ, ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ಮನೆಗೆ ಫೋನ್ ಮಾಡಿದರೆ ಊಟ ಆಯ್ತಾ, ಮಳಿ ಆತೇನು, ಅಷ್ಟಕ್ಕೇ ಮಾತು ಮುಗಿಯುತ್ತದೆ. ಪಂದ್ಯದ ರಾತ್ರಿ ಮಾತ್ರ ಅಪ್ಪ ಮಗನ ಫೋನು ತಾಸುಗಟ್ಟಲೆ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಲ್ಲಿ ನಮ್ಮ ಸಂಜೆ ಏಳೂವರೆಯ ಪಂದ್ಯ ಬೆಳಗಿನ ಏಳಕ್ಕೆ ಬರುತ್ತದೆ. ಮಕ್ಕಳಿಗೆ ಉಪ್ಪಿಟ್ಟು ಹಾಕಿಕೊಟ್ಟು, ಟಿವಿ ಹಚ್ಚಿ, ಊರಿನಲ್ಲಿರುವ ತಮ್ಮನಿಗೆ ಸಂದೇಶ ಕಳಿಸುತ್ತ ನೋಡುವವರಿದ್ದಾರೆ.

ಇಷ್ಟು ಒಳ್ಳೆಯದನ್ನು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ನಿಮ್ಮಿಂದ ಅದನ್ನು ಮುಚ್ಚಿಡುವುದು ತಪ್ಪಾಗುತ್ತದೆ. 2006ರ ಫುಟ್‌ಬಾಲ್ ವಿಶ್ವಕಪ್ ವೇಳೆ ಜರ್ಮನಿಯ ಮ್ಯೂನಿಕ್ ಸೀಮೆಯಲ್ಲಿ ವೈದ್ಯರು ಹೃದಯದ ತುರ್ತು ಪ್ರಕರಣಗಳ ಲೆಕ್ಕ ಇಟ್ಟರು. ಜರ್ಮನಿ ಆಡಿದ ದಿನಗಳಲ್ಲಿ ಅವು ಬೇರೆ ದಿನಗಳ 2.66 ಪಟ್ಟು ಆಗಿದ್ದವು, ಮೊದಲೇ ಹೃದಯದ ತೊಂದರೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ನಿಮ್ಮ ಮನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಪಂದ್ಯದ ಗಲಾಟೆಯಲ್ಲಿ ಗುಳಿಗೆ ತಪ್ಪದಂತೆ ನೋಡಿಕೊಳ್ಳಿ. ಎದೆ ಬಿಗಿಯುತ್ತಿದೆ ಎಂದರೆ ಓವರ್ ಮುಗಿಯಲಿ ಎಂದು ಕಾಯಬೇಡಿ.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಅಧ್ಯಯನ. ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಫುಟ್‌ಬಾಲಿನಲ್ಲಿ, ಖಂಡಿತ ಗೆಲ್ಲುತ್ತದೆ ಎಂದುಕೊಂಡ ಊರಿನ ತಂಡ ಸೋತಾಗ, ಗಂಡಸರು ಮನೆಯ ಹೆಂಗಸರ ಮೇಲೆ ಕೈ ಮಾಡಿದ ಪ್ರಕರಣಗಳು ಶೇ 10ರಷ್ಟು ಏರುತ್ತವೆ. ಗೆಲುವು ಸೋಲು ಹೇಳಲಾಗದು ಎಂಬ ಪಂದ್ಯ ಸೋತರೆ ಹಾಗಾಗುವುದಿಲ್ಲ. ಅಂದರೆ ನಿರೀಕ್ಷೆ ಮುರಿದಾಗ ಬಂದ ಸಿಟ್ಟು ಮನೆಯಲ್ಲಿ ಕೈಗೆ ಸಿಕ್ಕವರ ಮೇಲೆ ಇಳಿಯುತ್ತದೆ. ಅಕ್ಕಾರ, ಸೋತ ರಾತ್ರಿ ನಿಮ್ಮ ಮನೆಯಲ್ಲಿ ಹೇಗಿರುತ್ತದೆ ಎಂದು ನೀವು ಬರೆದಿಲ್ಲ. ಮುಖ ಗಂಟಿಕ್ಕಿಕೊಂಡು ಮಲಗಿದರೆ ಅದು ದುಃಖ, ಮುಂಜಾನೆಗೆ ಇಳಿಯುತ್ತದೆ. ತಾಟು ಎಸೆದರೆ, ಬೈಗುಳ ಬಂದರೆ, ಕೈ ಎತ್ತಿದರೆ ಅದಕ್ಕೂ ಆಟದ ಪ್ರೀತಿಗೂ ಸಂಬಂಧವಿಲ್ಲ, ಅದನ್ನು ಒಂದು ಸಲವೂ ಸಹಿಸಬೇಡಿ. ನೋಡುತ್ತ ಕೂತ ಮಗ ತಂಡದ ಜೊತೆಗೆ ಅದನ್ನೂ ಕಲಿಯುತ್ತಾನೆ.

ಬೆಟ್ಟಿಂಗ್ ಇನ್ನೊಂದು. ಐಪಿಎಲ್ ಬಂದೊಡನೆ ನಮ್ಮ ಜಿಲ್ಲೆಯ ಊರುಗಳಲ್ಲಿ ಇದರ ಹಾವಳಿ ಹೇಗಿರುತ್ತದೆಂದು ನಿಮಗೆ ಗೊತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು, ದೊಡ್ಡ ಆ್ಯಪ್‌ಗಳು ಹಣದ ಸ್ಪರ್ಧೆ ನಿಲ್ಲಿಸಿದವು. ಕದ್ದು ಕಟ್ಟುವವರು ಕಾಯಿದೆಗೆ ಹೆದರುವುದು ಕಡಿಮೆ. ದುಡ್ಡು ಕಟ್ಟಿದವನನ್ನು ನಾನು ಅಭಿಮಾನಿ ಎಂದು ಕರೆಯಲಾರೆ. ಅವನಿಗೆ ತಂಡ ಗೆಲ್ಲುವುದಕ್ಕಿಂತ ತನ್ನ ಲೆಕ್ಕ ಗೆಲ್ಲುವುದು ಮುಖ್ಯವಾಗಿರುತ್ತದೆ. ಒಮ್ಮೊಮ್ಮೆ ತನ್ನ ತಂಡದ ವಿರುದ್ಧವೇ ಕಟ್ಟುತ್ತಾನೆ. ಮಗನ ಫೋನಿನಲ್ಲಿ, ಯಜಮಾನರ ಕೈಗಡದಲ್ಲಿ ಅದರ ಸುಳಿವು ಕಂಡರೆ ತಡಮಾಡದೆ ಕೂರಿಸಿಕೊಂಡು ಮಾತಾಡಿ.

ಇನ್ನು ಮಗನನ್ನು ಬೆಂಗಳೂರಿಗೆ ಕಳಿಸುವ ಮಾತು. ನೀವು ಯಾಕೆ ಹೆದರುತ್ತಿದ್ದೀರಿ ಎಂದು ನನಗೆ ಗೊತ್ತು. ಜೂನ್ 3ರ ರಾತ್ರಿ ಗೆದ್ದರು, ಜೂನ್ 4ರ ಮಧ್ಯಾಹ್ನ ಚಿನ್ನಸ್ವಾಮಿ ಮೈದಾನದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಹೆಚ್ಚಿನವರು ಹರೆಯದವರು, ಒಬ್ಬಳು ಇನ್ನೂ ಶಾಲೆಗೆ ಹೋಗುವ ಹುಡುಗಿ. ಸುಮಾರು 35 ಸಾವಿರ ಜನ ಹಿಡಿಸುವ ಮೈದಾನದ ಸುತ್ತ ಲಕ್ಷಗಟ್ಟಲೆ ಜನ ಸೇರಿದ್ದರು. ಮೆರವಣಿಗೆ ಇದೆಯೋ ಇಲ್ಲವೋ, ಒಳಗೆ ಬಿಡಲು ಪಾಸು ಬೇಕೋ ಬೇಡವೋ ಎಂಬುದೇ ಜನರಿಗೆ ಸ್ಪಷ್ಟವಾಗಿರಲಿಲ್ಲ. ಸತ್ತ ಮಕ್ಕಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಹುಟ್ಟಿದಾಗಿನಿಂದ ಕಾದಿದ್ದ ಒಂದು ದಿನ ಬಂದಿತ್ತು, ಅದನ್ನು ಕಣ್ಣಾರೆ ನೋಡಲು ಹೋಗಿದ್ದರು. ಅಭಿಮಾನದಿಂದ ಬಂದವರನ್ನು ಕಾಯುವುದು ಕರೆದವರ ಮತ್ತು ನಡೆಸುವವರ ಕೆಲಸವಾಗಿತ್ತು. ಅದು ಆಗಲಿಲ್ಲ. ಅವರ ಹುಚ್ಚೇ ಅವರನ್ನು ಕೊಂದಿತು ಎಂದು ಕೆಲವರು ಆಡಿದ ಮಾತು ಕ್ರೂರವಾದದ್ದು. ಆ ದುರಂತವಾದ ಮೇಲೆ ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿಯನ್ನು ಮೈಸೂರಿಗೆ ಒಯ್ದರು, ಮಹಿಳಾ ವಿಶ್ವಕಪ್ಪಿನ ಬೆಂಗಳೂರಿನ ಪಂದ್ಯಗಳು ಬೇರೆ ಊರುಗಳಿಗೆ ಹೋದವು.

ಆದರೂ ಕಳಿಸಬೇಡಿ ಎಂದು ನಾನು ಹೇಳುವುದಿಲ್ಲ. ಟಿಕೆಟ್ಟಿನ ಮೇಲೆ ಸೀಟಿನ ನಂಬರಿರುವ ಪಂದ್ಯಕ್ಕೆ, ಅಪ್ಪನ ಜೊತೆ, ತಿರುಗಿ ಬರುವ ಗಾಡಿಯ ರಿಸರ್ವೇಶನ್ ಮಾಡಿಸಿಕೊಂಡು ಹೋಗಿಬರಲಿ. ಟಿಕೆಟ್ಟಿಲ್ಲದ ಮೆರವಣಿಗೆ, ಸನ್ಮಾನ, ಬಿಟ್ಟಿ ಪ್ರವೇಶ ಎಂಬ ಸುದ್ದಿ ಕೇಳಿ ಓಡುವುದು ಬೇಡ. ಗುಂಪು ಎದೆಗೆ ಒತ್ತುತ್ತಿದೆ ಎನ್ನಿಸಿದ ಕೂಡಲೇ, ಇನ್ನೂ ಸರಿಯಲು ಜಾಗವಿದ್ದಾಗಲೇ, ಅಂಚಿಗೆ ಸರಿದು ಹೊರಬೀಳಬೇಕು ಎಂದು ಅವನಿಗೆ ತಿಳಿಸಿ ಹೇಳಿ.

ಅದಕ್ಕೂ ಮೊದಲು ಹತ್ತಿರದಲ್ಲೇ ಒಂದು ದಾರಿಯಿದೆ. ಬೆಳಗಾವಿಯ ಆಟೋ ನಗರದಲ್ಲಿ, ಹುಬ್ಬಳ್ಳಿಯ ರಾಜನಗರದಲ್ಲಿ ಕರ್ನಾಟಕ ಕ್ರಿಕೆಟ್ ಸಂಸ್ಥೆಯ ಮೈದಾನಗಳಿವೆ. ಹುಬ್ಬಳ್ಳಿಯಲ್ಲಿ ರಣಜಿ ಪಂದ್ಯಗಳು ನಡೆಯುತ್ತವೆ. ಕರ್ನಾಟಕ ಇದುವರೆಗೆ ಎಂಟು ಸಲ ಗೆದ್ದ ಟ್ರೋಫಿ ಅದು. ಅಲ್ಲಿ ಆಟಗಾರ ಬೌಂಡರಿ ಹಗ್ಗದ ಬಳಿ ನಿಂತರೆ ಅವನ ಮುಖದ ಬೆವರೂ ಕಾಣುತ್ತದೆ, ಕೂಗಿದರೆ ತಿರುಗಿ ನೋಡುತ್ತಾನೆ. ಹೋಗುವಾಗ ನೀವೂ ಹೋಗಿ, ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ಆರ್‌ಸಿಬಿಗೆ ಮೊದಲ ಕಪ್ ತಂದವರು ಹೆಂಗಸರು: 2024ರ ಮಾರ್ಚ್ 17ರಂದು ದೆಹಲಿಯಲ್ಲಿ, ಸ್ಮೃತಿ ಮಂಧಾನ ನಾಯಕತ್ವದಲ್ಲಿ. ಆ ಫೈನಲ್ಲಿನಲ್ಲಿ 4 ವಿಕೆಟ್ ತೆಗೆದ ಶ್ರೇಯಾಂಕಾ ಪಾಟೀಲ ಕಲಬುರಗಿ ಕಡೆಯ ಹುಡುಗಿ. ಈ ಕಡೆಯವರು ಒಬ್ಬರೂ ಇಲ್ಲ ಎಂದು ಬರೆದಿದ್ದೀರಲ್ಲ, ಆಕೆಯ ಬೌಲಿಂಗ್ ಇರುವ ದಿನ ಯಜಮಾನರ ಕೈಯಿಂದ ರಿಮೋಟ್ ಇಸಿದುಕೊಂಡು ನೀವೇ ಟಿವಿ ಹಚ್ಚಿ.